ಅಗಸ್ಟಾ ಎಂಬ ಸವತಿ

೩ ಮಾರ್ಚ್ ೧೯೯೬, ಭಾನುವಾರ

ಇವತ್ತು ವಿಲ್ಫ್ ಇಡೀ ದಿನ ಮನೆಯಲ್ಲೇ ಇದ್ದ. ನಮ್ಮ ಸಂಸಾರದಲ್ಲಿ ಇದು ದೊಡ್ಡ ಸುದ್ದಿ. ಊಟದ ಕೋಣೆಯ ಬೀರುವಿನ ಮೇಲೆ, ಹಸಿರು ಡಬ್ಬಿಯೊಳಗೆ, ಒಂದು ಮಾತಿಲ್ಲದೆ ಕೂತಿದ್ದ. ಜನವರಿಯಲ್ಲಿ ದಹನ ಮಾಡಿ ಬೂದಿಯನ್ನು ನನ್ನ ಕೈಗೆ ಕೊಟ್ಟ ಮೇಲೆ ಒಂದು ಭಾನುವಾರವೂ ಹೊರಗೆ ಹೋಗಿಲ್ಲ. ಬದುಕಿದ್ದಾಗ ಭಾನುವಾರ ಅವನ ಮುಖ ಕಾಣುತ್ತಿದ್ದದ್ದು ಹಾಸಿಗೆಯಲ್ಲಿ ಮಾತ್ರ, ಅದೂ ಎಣ್ಣೆ ವಾಸನೆಯ ಸಮೇತ.

ಚಹಾದ ಹೊತ್ತಿಗೆ ಥಾರ್ನ್‌ಬೆಕ್ ನೀರೆತ್ತುವ ಮನೆಯಿಂದ ಇಬ್ಬರು ಬಂದರು. ಒಬ್ಬ ಲಯನೆಲ್ ಗ್ಯಾಸ್ಕಿನ್, ನಿವೃತ್ತ ಬ್ಯಾಂಕ್ ಮ್ಯಾನೇಜರ್, ಆ ಮ್ಯೂಸಿಯಮ್ಮಿನ ಅಧ್ಯಕ್ಷ. ಇನ್ನೊಬ್ಬ ಸೆಡ್ರಿಕ್ ಟಾಫ್ಟ್. ಮೊದಲು ಮಾಂಸದಂಗಡಿ ಇಟ್ಟಿದ್ದ, ಈಗ ಅಲ್ಲಿನ ಬಾಯ್ಲರ್ ಒಲೆಗೆ ಕಲ್ಲಿದ್ದಲು ಹಾಕುತ್ತಾನೆ. ಇಬ್ಬರೂ ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು, ಹೆಣ್ಣು ಕೇಳಲು ಬಂದವರ ಹಾಗೆ ಕುರ್ಚಿಯ ತುದಿಯಲ್ಲಿ ಕೂತರು.

“ಮಿಸೆಸ್ ಪಿಂಡರ್, ವಿಲ್ಫ್‌ಗೆ ಒಂದು ಆಸೆ ಇತ್ತು,” ಅಂದ ಲಯನೆಲ್.

“ಗೊತ್ತು. ನಾನು ಅಡ್ಡ ಬರಬಾರದು ಅನ್ನೋದು.”

“ಅದಲ್ಲ. ತನ್ನ ಬೂದಿನ ಅಗಸ್ಟಾಳ ಒಲೆಗೆ ಹಾಕ್ಬೇಕು ಅಂತ. ನಮ್ಮಲ್ಲಿ ಅದೊಂದು ಪದ್ಧತಿ. ಹಳೇ ಸದಸ್ಯರು ಮೂವರು ಹಾಗೇ ಹೋಗಿದಾರೆ.”

“ಬಹಳ ಚೆನ್ನಾಗಿ ಹೋದ್ರು,” ಅಂದ ಸೆಡ್ರಿಕ್. ಅಂಗಡಿಯಲ್ಲಿ ಒಳ್ಳೆಯ ತುಂಡು ತೋರಿಸುವಾಗಲೂ ಇದೇ ದನಿಯಲ್ಲಿ ಹೇಳುತ್ತಿದ್ದ.

ಅಗಸ್ಟಾ ಅಂದರೆ ಮೂರು ಮಹಡಿ ಎತ್ತರದ ಒಂದು ಹಬೆಯ ಯಂತ್ರ. ಒಂದು ಕಾಲಕ್ಕೆ ಬಾವಿಯಿಂದ ಊರಿಗೆಲ್ಲ ನೀರೆತ್ತಿ ಕೊಡುತ್ತಿತ್ತು. ಕರೆಂಟಿನ ಪಂಪು ಬಂದ ಮೇಲೆ ಗುಜರಿಗೆ ಹೋಗಬೇಕಾಗಿದ್ದ ಅದನ್ನು ವಿಲ್ಫ್ ಮತ್ತವನ ಪಟಾಲಮ್ಮು ಉಳಿಸಿಕೊಂಡು, ತಿಕ್ಕಿ ತೊಳೆದು, ಮ್ಯೂಸಿಯಂ ಮಾಡಿ ಜನರಿಗೆ ತೋರಿಸುತ್ತಾರೆ. ಇಪ್ಪತ್ತೈದು ವರ್ಷ ವಿಲ್ಫ್ ಅದರ ಚಾಲಕ. ಕಬ್ಬಿಣದ ರಾಶಿಯನ್ನು ‘ಅವಳು’ ಅನ್ನುತ್ತಾರೆ, ಮಾನಗೆಟ್ಟವರು. ನನ್ನ ಲೆಕ್ಕದಲ್ಲಿ ಅದು ನನ್ನ ಸವತಿ.

“ಇದ್ದಾಗ ಅವನನ್ನ ಪೂರ್ತಿ ಅದೇ ತಿಂತು. ಈಗ ಬೂದಿನೂ ಬೇಕಂತಾ? ಇಲ್ಲ,” ಅಂದೆ. ಕೇಕು ಕೂಡ ಕೊಡಲಿಲ್ಲ.

೧೦ ಮಾರ್ಚ್, ಭಾನುವಾರ

ಅಕ್ಕ ಡೋರೀನ್ ಮನೆಯಲ್ಲಿ ಎಂದಿನಂತೆ ಭಾನುವಾರದ ಊಟ. ಕುರಿಮಾಂಸ, ಆಲೂಗಡ್ಡೆ, ಪುದೀನ ಗೊಜ್ಜು, ಜೊತೆಗೆ ಉಪದೇಶ.

“ಚರ್ಚಿನ ಹಿತ್ತಲಲ್ಲಿ ಅಮ್ಮನ ಪಕ್ಕ ಜಾಗ ಇದೆ ಕಣೇ. ಅಲ್ಲಿ ಹೂತ್ಬಿಡು. ಮುಂದೆ ನೀನೂ ಅಲ್ಲಿಗೇ ಬರಬಹುದು.”

“ಅವನಿಗೂ ಅಮ್ಮನಿಗೂ ಆಗ್ತಾನೇ ಇರ್ಲಿಲ್ಲ.”

“ಈಗ ಜಗಳ ಆಡಲ್ಲ ಬಿಡು.”

“ಅಮ್ಮ ಆಡ್ತಾಳೆ.”

ನನ್ನ ತೀರ್ಮಾನ ಇಷ್ಟೇ: ವಿಲ್ಫ್ ಬೀರುವಿನ ಮೇಲೇ ಇರುತ್ತಾನೆ. ಅಕ್ಕನಿಗೂ ಇಲ್ಲ, ಸವತಿಗೂ ಇಲ್ಲ. ಆದರೂ ಒಂದು ಸಲ ಹೋಗಿ ಆ ಕಬ್ಬಿಣದ ಮೂತಿಯನ್ನು ನೋಡಿ, ನಾನು ಗೆದ್ದೆ ಎಂದು ಹೇಳಿ ಬರಬೇಕು ಅನ್ನಿಸುತ್ತಿದೆ. ಅಷ್ಟೂ ಮಾಡದಿದ್ದರೆ ಗೆದ್ದು ಏನು ಸುಖ?

೧೭ ಮಾರ್ಚ್, ಭಾನುವಾರ

ಹೋಗಿ ಬಂದೆ. ಯಂತ್ರ ತಣ್ಣಗೆ ಮಲಗಿತ್ತು. ಮೇಲೆ ಕಬ್ಬಿಣದ ದೊಡ್ಡ ತೊಲೆ, ಕೆಳಗೆ ನಮ್ಮ ಮನೆಯಷ್ಟು ಎತ್ತರದ ಚಕ್ರ, ಎಲ್ಲೆಲ್ಲೂ ಹಿತ್ತಾಳೆ. ನನ್ನ ಮನೆಯ ಬಾಗಿಲಿನ ಹಿತ್ತಾಳೆ ಹಿಡಿಯನ್ನು ಒಂದು ದಿನ ಒರೆಸದವನು ಇಲ್ಲಿ ಕಂಬಿ ಕಂಬಿಯನ್ನೂ ಕನ್ನಡಿ ಮಾಡಿಟ್ಟಿದ್ದಾನೆ. ನೋಡಿ ಮೈ ಉರಿಯಿತು. ಅದರ ಕಿವಿಗೆ ಬೀಳುವ ಹಾಗೆ ಎರಡು ಮಾತು ಆಡಿದೆ. ಪಕ್ಕದಲ್ಲಿದ್ದ ದಂಪತಿ ನನ್ನನ್ನು ನೋಡಿ ಮಗುವನ್ನು ಆಚೆ ಎಳೆದುಕೊಂಡರು.

ಇನ್ನೊಂದು ತಮಾಷೆ. ಈ ಮಹಾರಾಣಿ ಈಗ ಊರಿಗೆ ಒಂದು ಹನಿ ನೀರೂ ಕೊಡುವುದಿಲ್ಲ. ಬಾವಿಯಿಂದ ಎತ್ತಿದ ನೀರನ್ನು ಮತ್ತೆ ಅದೇ ಬಾವಿಗೆ ಬಿಡುತ್ತದೆ, ಬಿಟ್ಟದ್ದನ್ನು ಮತ್ತೆ ಎತ್ತುತ್ತದೆ. ಇದಕ್ಕಾಗಿ ನನ್ನ ಗಂಡ ಇಪ್ಪತ್ತೈದು ವರ್ಷ ಭಾನುವಾರದ ಊಟ ಬಿಟ್ಟ!

ಅಲ್ಲಿನ ಚಹಾ ಬಾಯಿಗಿಡುವ ಹಾಗಿರಲಿಲ್ಲ. ಬಾಯ್ಲರಿನಿಂದಲೇ ಬಸಿದಂತಿತ್ತು. ಹೇಳಿದೆ. “ಹಾಗಾದ್ರೆ ನೀವೇ ಮಾಡಿ ನೋಡಿ,” ಅಂದ ಸೆಡ್ರಿಕ್. ಒಪ್ಪಿಕೊಂಡೆ. ಶತ್ರುವಿನ ಕೋಟೆಯೊಳಗೆ ಒಂದು ಕಾಲಿಟ್ಟಿರುವುದು ಒಳ್ಳೆಯದು. ಬೇರೆ ಕಾರಣ ಇಲ್ಲ.

೭ ಏಪ್ರಿಲ್, ಈಸ್ಟರ್ ಭಾನುವಾರ

ಈ ವರ್ಷದ ಮೊದಲ ಹಬೆಯ ದಿನ. ಒಲೆ ಹೊತ್ತಿಸಿ ಯಂತ್ರ ನಡೆಸಿದರು, ಜನ ಕಿಕ್ಕಿರಿದು ಬಂದರು, ಚಹಾದ ಜೊತೆಗೆಂದು ನಾನು ಮಾಡಿದ್ದ ಸ್ಕೋನು ಬನ್ನುಗಳು ಮಧ್ಯಾಹ್ನಕ್ಕೇ ಖಾಲಿ.

ವಿಲ್ಫ್ ಹೋದ ಮೇಲೆ ಲಯನೆಲ್ಲೇ ಚಾಲಕ. ಓಡಿಸುವುದೇನೂ ಕಷ್ಟವಿಲ್ಲವಂತೆ, ನಿಲ್ಲಿಸುವುದು ಕಷ್ಟ. ಚಕ್ರ ಕೆಟ್ಟ ಜಾಗದಲ್ಲಿ ನಿಂತರೆ ಯಂತ್ರ ತಾನಾಗಿ ಮತ್ತೆ ಹೊರಡದು. ಎಲ್ಲರೂ ಸೇರಿ ಕಬ್ಬಿಣದ ಹಾರೆ ಕೊಟ್ಟು ಅಷ್ಟಷ್ಟೇ ಮೀಟಬೇಕು. ಹಾಗೆ ತಪ್ಪಿ ನಿಲ್ಲಿಸಿದವನು ಆ ದಿನದ ಅಷ್ಟೂ ಚಹಾ ಕಪ್ಪು ತೊಳೆಯಬೇಕು. ಇದು ಇಲ್ಲಿನ ಕಾನೂನು. ವಿಲ್ಫ್ ಒಂದು ಕಪ್ಪೂ ತೊಳೆದಿಲ್ಲವಂತೆ. ಅದು ನನಗೆ ಗೊತ್ತು, ಮನೆಯಲ್ಲೂ ತೊಳೆದವನಲ್ಲ.

ಸಂಜೆ ಕಪ್ಪುಗಳ ಗುಡ್ಡ ಬಿದ್ದಿತ್ತು. ಯಂತ್ರ ನಿಲ್ಲಿಸಲು ಲಯನೆಲ್ ನಾಲಿಗೆ ಕಚ್ಚಿಕೊಂಡು ಹಬೆಯ ಹಿಡಿಯನ್ನು ಮೆಲ್ಲಗೆ ತಿರುಗಿಸುತ್ತಿದ್ದಾಗ ನಾನು ಅವನ ಬೆನ್ನ ಹಿಂದೆ ಹೋಗಿ ಚಹಾದ ಗಂಟೆ ಬಾರಿಸಿದೆ. ಬೆಚ್ಚಿ ಹಾರಿದ. ಯಂತ್ರ ಸರಿಯಾಗಿ ಕೆಟ್ಟ ಜಾಗದಲ್ಲೇ ನಿಂತಿತು.

“ಗಂಟೆ ಬಾರಿಸಿದ್ದಕ್ಕೇ ಹೀಗಾಯ್ತು!”

“ಕುಣಿಯಕ್ಕೆ ಬಾರದವಳು ನೆಲ ಡೊಂಕು ಅಂದ್ಲಂತೆ,” ಅಂದೆ. ಬ್ಯಾಂಕ್ ಮ್ಯಾನೇಜರು ಕಪ್ಪನ್ನು ಒಳ್ಳೆ ಚೆನ್ನಾಗಿ ತೊಳೆಯುತ್ತಾನೆ, ಹಿಡಿಯ ಹಿಂದೆ ಕೂಡ.

೮ ಏಪ್ರಿಲ್, ಸೋಮವಾರ

ಮತ್ತೆ ಬೂದಿಯ ಮಾತು ತೆಗೆದರು. ಅವರ ಬಾಯಿ ಮುಚ್ಚಿಸಲೆಂದು, ಅವರು ಒಪ್ಪಲಾರದ ಷರತ್ತೊಂದು ಹಾಕಿದೆ. “ನನಗೆ ಯಂತ್ರ ಓಡಿಸೋದು ಕಲಿಸಿ. ನಾನೇ ನಿಲ್ಲಿಸೋ ಅಷ್ಟಾದ ಮೇಲೆ ಡಬ್ಬಿ ತರ್ತೀನಿ.” ಇಪ್ಪತ್ತೈದು ವರ್ಷದಲ್ಲಿ ಚಹಾದ ಕೋಣೆಯ ಹೆಂಗಸೊಬ್ಬಳನ್ನೂ ಚಾಲಕ ನಿಲ್ಲುವ ಆ ಕಟ್ಟೆ ಹತ್ತಿಸಿಲ್ಲ ಇವರು. ಖಂಡಿತ ಆಗುವುದಿಲ್ಲ ಅನ್ನುತ್ತಾರೆ ಎಂದುಕೊಂಡಿದ್ದೆ.

“ಆಗ್ಲಿ,” ಅಂದುಬಿಟ್ಟ ಸೆಡ್ರಿಕ್. ಲಯನೆಲ್ಲನಿಗೆ ಕೆಮ್ಮು ಬಂತು. ನನಗೂ.

೨೧ ಏಪ್ರಿಲ್, ಭಾನುವಾರ

ಮೊದಲ ಪಾಠ. ಎಣ್ಣೆ ಹಾಕುವುದು. ಎಣ್ಣೆ ಹಾಕಬೇಕಾದ ಬಾಯಿಗಳು ಎಷ್ಟಿವೆಯೆಂದರೆ, ಕೊನೆಯದಕ್ಕೆ ಹಾಕುವಷ್ಟರಲ್ಲಿ ಮೊದಲನೆಯದು ಮತ್ತೆ ಬಾಯಿ ಬಿಟ್ಟಿರುತ್ತದೆ. ಗೂಡಿನ ಮರಿಗಳಿಗೆ ಉಣಿಸಿದ ಹಾಗೆ. ಸೊಂಟ ಹೋಯಿತು. ಇದೆಲ್ಲ ನಾಟಕ ಅಷ್ಟೆ, ಎರಡು ವಾರದಲ್ಲಿ ಅವರೇ ಬೇಸತ್ತು ಬಿಡುತ್ತಾರೆ.

ಅಕ್ಕನ ಮನೆಗೆ ಸ್ವಲ್ಪ ತಡವಾಗಿ ಹೋದೆ.

೫ ಮೇ, ಭಾನುವಾರ

ಹಿಡಿ ಕೈಗೆ ಕೊಟ್ಟರು. ಹಬೆ ಬಿಡುವುದೂ ಮೊಂಡು ಹಸುವಿನ ಹಾಲು ಕರೆಯುವುದೂ ಒಂದೇ. ಅವಸರ ಮಾಡಿದರೆ ಒದೆ. ಬಾಯ್ಲರ್ ಮನೆಗೆ ಮಾತಾಡಲು ಕಟ್ಟೆಯ ಮೇಲೆ ಹಿತ್ತಾಳೆಯ ಕೊಳವೆಯೊಂದಿದೆ. ಇಲ್ಲಿ ಬಾಯಿಟ್ಟು ಕೂಗಿದರೆ ಅಲ್ಲಿ ಸೆಡ್ರಿಕ್‌ನ ತಲೆಯ ಮೇಲೆ ಕೇಳುತ್ತದೆ.

ವಿಲ್ಫ್ ಒರಗಿ ಒರಗಿ ಕಟ್ಟೆಯ ಕಂಬಿ ಒಂದು ಕಡೆ ಸವೆದಿದೆ. ನನ್ನ ಸೊಂಟಕ್ಕೆ ಅದು ಸರಿಯಾಗಿ ಸಿಗುವುದಿಲ್ಲ. ನಾನು ಕುಳ್ಳಿ.

೧೨ ಮೇ

ಅವಳಿಗೆ ಬೆಳಿಗ್ಗೆ ತಣ್ಣನೆ ಎಣ್ಣೆ ಹಿಡಿಸುವುದಿಲ್ಲ. ಬೆಚ್ಚಗೆ ಮಾಡಿ ಹಾಕಬೇಕು. ಈ ಗಂಡಸರಿಗೆ ಇಷ್ಟು ವರ್ಷ ಅದು ತಿಳಿದಿಲ್ಲ.

೨೬ ಮೇ, ಭಾನುವಾರ

ಮೈಯೆಲ್ಲ ಉರಿಯುತ್ತಿದೆ. ಇವತ್ತು ಜನರ ಮುಂದೆ ಮೊದಲ ಸಲ ನಿಲ್ಲಿಸುತ್ತಿದ್ದೆ. ಎಲ್ಲ ಸರಿಯಿತ್ತು. ತೊಲೆ ನಿಧಾನವಾಯಿತು, ಚಕ್ರ ನಾನು ಹೇಳಿದ ಜಾಗಕ್ಕೆ ಬರುತ್ತಿತ್ತು, ಆಗ ಹಿಂದಿನಿಂದ ಢಣ್ ಎಂದು ಚಹಾದ ಗಂಟೆ! ಲಯನೆಲ್. ಅವಳು ಕೆಟ್ಟ ಜಾಗದಲ್ಲಿ ನಿಂತಳು.

“ನಾಚಿಕೆ ಆಗಲ್ವೇನ್ರೀ! ಯಂತ್ರ ನಡೀತಿರೋವಾಗ ಯಾರಾದ್ರೂ ಹುಡುಗಾಟ ಆಡ್ತಾರಾ? ಅವಳ ಬೇರಿಂಗಿಗೆ ಪೆಟ್ಟಾಗಿದ್ರೆ?”

“ಈಸ್ಟರ್ ದಿನ ಆಗಿರ್ಲಿಲ್ವಾ?” ಅಂದ.

“ಅದು ಬೇರೆ, ಇದು ಬೇರೆ!”

ಅವರಿಬ್ಬರೂ ಬಿದ್ದು ಬಿದ್ದು ನಕ್ಕರು. ಏನು ನಗುವಂಥದ್ದಿತ್ತೋ ದೇವರಿಗೇ ಗೊತ್ತು. ಕಪ್ಪುಗಳನ್ನೆಲ್ಲ ತೊಳೆದೆ, ಎರಡು ಒಡೆದೆ. ಒಂದು ಬೇಕೆಂದೇ.

೧೬ ಜೂನ್, ಭಾನುವಾರ

ಡೋರೀನ್ ಫೋನಿನಲ್ಲಿ ಕೂಗಾಡಿದಳು. “ಎರಡು ಗಂಟೆ ಹೊತ್ತು ಮಾಂಸ ಇಟ್ಕೊಂಡು ಕಾದಿದೀನಿ! ಚಪ್ಪಲಿ ತೊಗಲಾಗಿದೆ. ಎಲ್ಲಿದ್ದೆ?”

ಹಬೆಯ ದಿನವೂ ಅಲ್ಲ ಇವತ್ತು. ಸುಮ್ಮನೆ ಒಂದು ಹಿತ್ತಾಳೆ ತಿರುಪು ಒರೆಸಲು ಹೋದವಳು ಅದರ ಪಕ್ಕದ್ದನ್ನೂ ಒರೆಸಿದೆ, ಅಷ್ಟೆ. ಒಂದನ್ನು ಒರೆಸಿ ಇನ್ನೊಂದನ್ನು ಬಿಟ್ಟರೆ ಚೆನ್ನಾಗಿ ಕಾಣುತ್ತದೆಯೇ? ಒಂದು ಹೊತ್ತಿನ ಊಟಕ್ಕೆ ಇಷ್ಟು ರಂಪ ಮಾಡುವ ಹೆಂಗಸರನ್ನು ನಾನು ಕಂಡಿಲ್ಲ.

ವಿಲ್ಫ್‌ನ ಡಬ್ಬಿಯ ಮೇಲೆ ಧೂಳು ಕೂತಿತ್ತು. ಒರೆಸಿದೆ. ಹಿಂದೆ ಒರೆಸಿ ಎಷ್ಟು ದಿನವಾಗಿತ್ತೋ.

೨೮ ಜುಲೈ, ಭಾನುವಾರ

ನಿಲ್ಲಿಸಿದೆ. ಸರಿಯಾದ ಜಾಗದಲ್ಲಿ, ಒಂದು ಕೂದಲೆಳೆ ಆಚೀಚೆ ಇಲ್ಲ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ. ಲಯನೆಲ್ ಟೋಪಿ ತೆಗೆದ. “ಮಿಸೆಸ್ ಪಿಂಡರ್, ಇನ್ಮೇಲೆ ಹಿಡಿ ನಿಮ್ಮದು. ನಾನು ಕಪ್ಪು ತೊಳೆದು ತೊಳೆದು ಕೈ ಸುಕ್ಕಾಯ್ತು,” ಅಂದ. ಪಾಪ, ಕೆಟ್ಟ ಮನುಷ್ಯನಲ್ಲ.

ಆದರೆ ಈಗ ಮಾತು ಮಾತೇ. ಡಬ್ಬಿ ಕೊಡಬೇಕು. ಮನೆಗೆ ಬಂದು ಅದನ್ನು ಬೀರುವಿನಿಂದ ಇಳಿಸಿ ಮಡಿಲಲ್ಲಿಟ್ಟುಕೊಂಡೆ. ನಾನು ಆ ಷರತ್ತು ಹಾಕಿದ್ದೇ ಕೊಡಬಾರದು ಎಂದು. ಇದೂ ಹೋದರೆ ಮನೆಯಲ್ಲಿ ನಾನೊಬ್ಬಳೇ. ದಿನಾ ಬೆಳಿಗ್ಗೆ ಅವನಿಗೆ ಗುಡ್ ಮಾರ್ನಿಂಗ್ ಹೇಳುತ್ತೇನೆ, ಇದನ್ನು ಯಾರಿಗೂ ಹೇಳಿಲ್ಲ. ಸಂಕಟವಾಯಿತು. ಬಹಳ ಸಂಕಟವಾಯಿತು.

೪ ಆಗಸ್ಟ್, ಭಾನುವಾರ

ಸೆಡ್ರಿಕ್‌ನನ್ನು ಬಾಯ್ಲರಿನ ಹಿಂದೆ ಕರೆದು, ನನಗೆ ಆಗುತ್ತಿಲ್ಲ ಅಂದೆ.

“ಕೊಡಬೇಡಿ ಬಿಡಿ ತಾಯಿ. ಯಾರೂ ಬಲವಂತ ಮಾಡಲ್ಲ. ಲಯನೆಲ್‌ಗೆ ನಾನು ಹೇಳ್ತೀನಿ.”

“ಅವನಿಗೆ ಬೇಜಾರಾಗಲ್ವಾ?”

“ಲಯನೆಲ್‌ಗಾ?”

“ವಿಲ್ಫ್‌ಗೆ ಕಣಯ್ಯ.”

ಸೆಡ್ರಿಕ್ ಸಲಿಕೆಗೆ ಒರಗಿ ಯೋಚನೆ ಮಾಡಿದ. “ನನಗೆ ಗೊತ್ತಿಲ್ಲ,” ಅಂದ. “ಆದ್ರೆ ಅವನು ಮನೇಲಿ ಇರೋಕೆ ಕಷ್ಟಪಡೋನು ಅನ್ನೋದಂತೂ ನಿಮಗೇ ಗೊತ್ತು.”

ಬಾರಿಸಬೇಕು ಅನ್ನಿಸಿತು. ಆದರೆ ನಿಜ. ಭಾನುವಾರ ಬಂತೆಂದರೆ ಅವನು ಬೆಳಿಗ್ಗೆ ಎದ್ದು ಕಿಟಕಿಯಿಂದ ಆ ಕಡೆಗೇ ನೋಡುತ್ತಿದ್ದ. ಬೀರುವಿನ ಮೇಲಿಂದ ಕಿಟಕಿ ಕಾಣುವುದಿಲ್ಲ.

ಆಗಸ್ಟ್ ಕೊನೆಯ ಭಾನುವಾರ ಅಂತ ಒಪ್ಪಿದೆ. 

೭ ಆಗಸ್ಟ್, ಬುಧವಾರ

ಸುದ್ದಿ ಕೇಳಿ ಡೋರೀನ್ ಎರಡು ದಿನ ಮಾತು ಬಿಟ್ಟಳು. ಇವತ್ತು, “ಯಾವ ಟೋಪಿ ಹಾಕ್ಕೊಳ್ಳಲಿ?” ಎಂದು ಕೇಳಿದಳು.

೨೫ ಆಗಸ್ಟ್, ಭಾನುವಾರ

ಕೈಯಲ್ಲಿ ಇನ್ನೂ ಎಣ್ಣೆ. ಪುಟ ಕೊಳೆಯಾದರೆ ಆಗಲಿ.

ಏರ್ಪಾಡು ಹೀಗಿತ್ತು. ಬೆಳಿಗ್ಗೆ ನಾನು ಅವಳನ್ನು ಎಬ್ಬಿಸಿ ನಡೆಸುವುದು. ನಡುಮಧ್ಯಾಹ್ನ ಹಿಡಿಯನ್ನು ಲಯನೆಲ್‌ಗೆ ಕೊಟ್ಟು ಬಾಯ್ಲರ್ ಮನೆಗೆ ಹೋಗುವುದು. ಅಲ್ಲಿ ಪಾದ್ರಿಗಳ ಪ್ರಾರ್ಥನೆ, ಆಮೇಲೆ ನಾನೇ ಡಬ್ಬಿ ಬಗ್ಗಿಸುವುದು. ಕರಿ ಕೋಟನ್ನು ಇಸ್ತ್ರಿ ಮಾಡಿ ಚಹಾದ ಕೋಣೆಯಲ್ಲಿ ತೂಗುಹಾಕಿದ್ದೆ. ಡಬ್ಬಿ ಡೋರೀನಳ ಮಡಿಲಲ್ಲಿತ್ತು. ಅವಳ ಟೋಪಿಯ ಮೇಲೆ ಒಂದು ಹಕ್ಕಿಯಿತ್ತು.

ರಜೆಯ ವಾರವಾದ್ದರಿಂದ ಜನ ಜಾತ್ರೆ. ಅವಳು ಮೊದಲ ಕರೆಗೇ ಹೊರಟಳು. ಆದರೆ ಲಯನೆಲ್ ಬರುವ ಸ್ವಲ್ಪ ಮೊದಲು ತೊಲೆಯ ಕಡೆಯಿಂದ ಬೇಡದ ಸದ್ದೊಂದು ಬಂತು. ಬೇರಿಂಗ್ ಮುಟ್ಟಿ ನೋಡಿದೆ, ಜ್ವರ ಬಂದ ಮಗುವಿನ ಹಣೆ. ಎಣ್ಣೆ ಬಿಟ್ಟೆ, ನಡೆ ನಿಧಾನ ಮಾಡಿದೆ.

“ಎಲ್ಲರೂ ಸೇರಿದಾರೆ, ಮಿಸೆಸ್ ಪಿಂಡರ್. ಹಿಡಿ ಕೊಡಿ,” ಅಂದ ಲಯನೆಲ್.

“ಈಗಲಾ? ಈ ಸ್ಥಿತೀಲಿ ಅವಳನ್ನ ನಿಮ್ಮ ಕೈಗಾ? ನೀವು ಶುರು ಮಾಡಿಸಿ, ಇದೋ ಬಂದೆ.”

“ಪಾದ್ರಿಗಳಿಗೆ ಆಮೇಲೆ ನಾಮಕರಣ ಒಂದಿದೆ…”

“ಬಂದೆ ಅಂದ್ನಲ್ಲ!”

ಹೋದ. ನಾನು ಬರುತ್ತೇನೆ ಎಂದೇ ಇದ್ದೆ, ದೇವರಾಣೆ. ಎಣ್ಣೆಯ ಹನಿ ನೋಡುತ್ತಾ, ಸದ್ದಿಗೆ ಕಿವಿ ಕೊಡುತ್ತಾ ನಿಂತೆ. ಮೆಲ್ಲಗೆ ಸದ್ದು ಇಳಿಯಿತು. ಬೇರಿಂಗ್ ತಣ್ಣಗಾಯಿತು. ಆಗ ನೋಡುತ್ತೇನೆ, ಹಬೆಯ ಒತ್ತಡದ ಮುಳ್ಳು ಬೀಳುತ್ತಿದೆ. ಇಳಿಯಿತು, ಇನ್ನೂ ಇಳಿಯಿತು. ಅವಳು ಏದುಸಿರು ಬಿಡತೊಡಗಿದಳು. ಹೀಗೆ ಬೀಳಬೇಕಾದರೆ ಒಂದೇ ಕಾರಣ: ಯಾರೋ ಒಲೆಯ ಬಾಗಿಲು ತೆರೆದಿಟ್ಟುಕೊಂಡು ನಿಂತಿದ್ದಾರೆ, ತಣ್ಣನೆ ಗಾಳಿ ಒಳಗೆ ನುಗ್ಗುತ್ತಿದೆ. ಪಿತ್ತ ನೆತ್ತಿಗೇರಿತು. ಕೊಳವೆಗೆ ಬಾಯಿಟ್ಟು ಇದ್ದ ಶಕ್ತಿಯೆಲ್ಲ ಬಿಟ್ಟು ಕೂಗಿದೆ:

“ಯಾವನಯ್ಯಾ ಅದು, ಒಲೆ ಬಾಗಿಲು ಹಾರು ಹೊಡ್ಕೊಂಡು ನಿಂತಿರೋನು? ಹಬೆ ಎಲ್ಲಾ ಹಾಳಾಗ್ತಿದೆ! ಹಾಕೋದಿದ್ರೆ ಬೇಗ ಹಾಕಿ ಮುಚ್ಚು!”

ಕೊಳವೆಯ ಆ ತುದಿಯಲ್ಲಿ ಏನೋ ಗಡಿಬಿಡಿ. ಆಮೇಲೆ ಧಡಾರ್ ಎಂದು ಬಾಗಿಲು ಮುಚ್ಚಿದ ಸದ್ದು. ಮುಳ್ಳು ನಿಂತಿತು, ಯೋಚಿಸಿತು, ಮೆಲ್ಲಗೆ ಮೇಲಕ್ಕೆದ್ದಿತು. ಅವಳು ನಿಟ್ಟುಸಿರಿಟ್ಟು ಮತ್ತೆ ತನ್ನ ನಡೆಗೆ ಬಂದಳು. “ಹಾಗೆ ಬಾ ದಾರಿಗೆ,” ಅಂದೆ.

ಲಯನೆಲ್ ಮೆಟ್ಟಿಲ ಬಾಯಲ್ಲಿ ಬಂದು ನಿಂತ. ಮುಖ ಬಿಳಿಚಿಕೊಂಡಿತ್ತು.

“ಮಿಸೆಸ್ ಪಿಂಡರ್… ಹಾಕಿದ್ದಾಯ್ತು.”

“ಏನನ್ನ?”

“ವಿಲ್ಫ್‌ನ.”

ಆಗ ನೆನಪಾಯಿತು. ಕರಿ ಕೋಟು, ಪಾದ್ರಿ, ಡಬ್ಬಿ, ಎಲ್ಲ. ಅಳು ಬಂತು. ಜನವರಿಯಲ್ಲಿ ಬರದೇ ಉಳಿದದ್ದೂ ಸೇರಿ ಬಂತು. ಆದರೆ ಎರಡು ಕೈಯೂ ಹಿಡಿಯ ಮೇಲಿದ್ದವು, ಬಿಡುವ ಹಾಗಿರಲಿಲ್ಲ. ಲಯನೆಲ್ ತನ್ನ ಜೇಬಿನ ಬಟ್ಟೆಯಿಂದ ನನ್ನ ಕಣ್ಣು ಒರೆಸಿದ. ಅದು ಎಣ್ಣೆ ಒರೆಸುವ ಬಟ್ಟೆ. ಮುಖವೆಲ್ಲ ಕಪ್ಪಾಯಿತು, ಕೆಳಗಿದ್ದ ಜನ ಫೋಟೊ ತೆಗೆದುಕೊಂಡರು. ಕಣ್ಣೀರಿನ ಮಧ್ಯೆಯೂ ಮುಳ್ಳಿನ ಮೇಲೆ ಒಂದು ಕಣ್ಣಿಟ್ಟೇ ಇದ್ದೆ. ಅದು ಚೆನ್ನಾಗಿ ಏರುತ್ತಿತ್ತು.

ಸಂಜೆ ಅವಳನ್ನು ಸರಿಯಾದ ಜಾಗದಲ್ಲಿ ನಿಲ್ಲಿಸಿ ಇಳಿದ ಮೇಲೆ ಡೋರೀನ್ ಸಿಕ್ಕಳು. ಟೋಪಿಯ ಹಕ್ಕಿಗೆ ಮಸಿ ಹಿಡಿದಿತ್ತು.

“ಪಾದ್ರಿಗಳು ‘ಮಣ್ಣಿಗೆ ಮಣ್ಣು, ಬೂದಿಗೆ’ ಅಂತಿದಾರೆ, ಅಷ್ಟರಲ್ಲಿ ತಲೆ ಮೇಲಿಂದ ನಿನ್ನ ಗಂಟಲು! ಆಕಾಶದಿಂದ ಬಂತೇನೋ ಅಂದ್ಕೊಂಡು ಮೇಲೆ ನೋಡಿದ್ರು ಕಣೇ. ನನ್ನ ಕೈಯಿಂದ ಡಬ್ಬಿ ಕಿತ್ತು ಸೆಡ್ರಿಕ್ ಒಂದೇ ಏಟಿಗೆ ಸುರಿದ. ಗಂಡನ್ನ ಕಳಿಸೋ ಹೊತ್ತಲ್ಲಿ ಹೀಗಾ ಬೈಯೋದು?”

“ಬಾಗಿಲು ತೆಗೆದಿಟ್ಕೊಂಡು ಪ್ರಾರ್ಥನೆ ಮಾಡಿದ್ರೆ ಹಬೆ ಎಲ್ಲಿಂದ ಬರುತ್ತೆ? ಮೊದಲು ಪ್ರಾರ್ಥನೆ ಮುಗಿಸಿ ಆಮೇಲೆ ಬಾಗಿಲು ತೆಗೀಬೇಕು. ಅಷ್ಟೂ ಗೊತ್ತಾಗಲ್ವಾ ಇವರಿಗೆ?”

ಡೋರೀನ್ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. “ನೀನು ಥೇಟ್ ವಿಲ್ಫ್,” ಅಂದಳು. ಅವಳು ಯಾವಾಗಲೂ ಅತಿ ಮಾಡುತ್ತಾಳೆ.

ಮನೆಗೆ ಬಂದು ಅಭ್ಯಾಸಬಲದಿಂದ ಬೀರುವಿನ ಕಡೆ ನೋಡಿದೆ. ಡಬ್ಬಿ ಇದ್ದ ಕಡೆ ದುಂಡನೆಯ ಗುರುತು ಉಳಿದಿದೆ. ಮತ್ತೊಮ್ಮೆ ಅತ್ತೆ, ಈ ಸಲ ಕೈ ಖಾಲಿಯಿದ್ದುದರಿಂದ ಸರಿಯಾಗಿ. ಮನೆ ತುಂಬ ದೊಡ್ಡದಾಗಿದೆ. ಅವನು ಬೇಕು ಅನ್ನಿಸುತ್ತದೆ, ಎಣ್ಣೆ ವಾಸನೆಯ ಸಮೇತ. ಆ ವಾಸನೆಯೇನೋ ನನ್ನ ಕೈಯಲ್ಲೇ ಇದೆ. ಇಪ್ಪತ್ತೈದು ವರ್ಷ ‘ಬೇಗ, ಬೇಗ’ ಎಂದು ಅವನನ್ನು ಗದರಿದೆ. ಬಾಗಿಲಲ್ಲಿ ನಿಂತು, ಫೋನಿನಲ್ಲಿ, ಆರಿದ ಊಟದ ಮುಂದೆ ಕೂತು. ಒಂದು ದಿನವೂ ಕೇಳಿದವನಲ್ಲ. ಇವತ್ತೊಂದು ಸಲ ಗದರಿದೆ, ತಕ್ಷಣ ಹೋದ.

ನಾಳೆಯೂ ಹಬೆಯ ದಿನ. ಆ ಬೇರಿಂಗನ್ನು ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ ಬಿಚ್ಚಿ ನೋಡಬೇಕು. ಡೋರೀನ್ ಊಟಕ್ಕೆ ಕರೆದಿದ್ದಾಳೆ. ಬರುತ್ತೇನೆ ಅಂದಿದ್ದೇನೆ.